ಒಂದೆಲಗದ ತಲೆಗೆ ಕಟ್ಟಿದ ಹೊರೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟಕ್ಕೆ ಬರಿಗಾಲಲ್ಲಿ ಇಳಿದು ನೋಡಿ. ಬರಣದಿಂದ ಬರಣಕ್ಕೆ ದಾಟುವಾಗ ಅಂಗಾಲಿಗೆ ತಣ್ಣಗೆ ತಾಗುವುದು ಒಂದೆಲಗ. ಅಬ್ಬಿ ನೀರು ಬಸಿದು ಹೋಗುವ ಕಾದಿಗೆಯ ಎರಡೂ ಅಂಚಿಗೆ ನೆಲ ಬಿಟ್ಟೇಳದೆ ಹಬ್ಬಿರುತ್ತದೆ. ಗೆಣ್ಣು ಗೆಣ್ಣಿಗೆ ಬೇರು, ಬೇರಿನ ಮೇಲೆ ಉದ್ದ ತೊಟ್ಟು, ತೊಟ್ಟಿನ ತುದಿಗೆ ಒಂದೊಂದೇ ದುಂಡನೆಯ ಎಲೆ. ಎರಡು ಮುಷ್ಟಿ ಕೊಯ್ದು ತಂದು, ಜೀರಿಗೆ, ಕಾಳುಮೆಣಸಿನ ಜತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ಬೀಸಿ, ಮಜ್ಜಿಗೆ ಬೆರೆಸಿದರೆ ಮನೆಮಂದಿಗೆಲ್ಲ ಮಧ್ಯಾಹ್ನದ ತಂಬುಳಿ ಆಯಿತು.

ಇಷ್ಟು ಹತ್ತಿರದ ಸೊಪ್ಪು. ಆದರೆ ಅದರ ಬಗ್ಗೆ ನಮಗೆ ಗೊತ್ತು ಅಂದುಕೊಂಡಿದ್ದರಲ್ಲಿ ಅರ್ಧಕ್ಕರ್ಧ ತಪ್ಪು. ಬರೆಯುತ್ತಿರುವ ನಾವೂ ಅದನ್ನೇ ನಂಬಿ ಬೆಳೆದವರು. ಹತ್ತನೆಯ ತರಗತಿಯ ವರ್ಷ ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಐದು ಎಲೆ ಅಗಿದು, ಗಣಿತದಲ್ಲಿ ಯಾವಾಗಲೂ ಬರುವಷ್ಟೇ ಅಂಕ ಬಂದಾಗ, ಐದರ ಬದಲು ಏಳು ತಿನ್ನಬೇಕಿತ್ತೇನೋ ಎಂದು ಹಲುಬಿದವರು. ಹಾಗಾಗಿ ಕೆಳಗಿನದ್ದನ್ನು ಯಾರನ್ನೋ ಹೀಯಾಳಿಸಲಿಕ್ಕೆ ಬರೆದದ್ದೆಂದು ತಿಳಿಯಬೇಡಿ.

ತಪ್ಪು ಕಲ್ಪನೆ: ಒಂದೆಲಗ ಎಂದರೂ ಬ್ರಾಹ್ಮಿ ಎಂದರೂ ಒಂದೇ ಗಿಡ.

ವಾಸ್ತವ: ಎರಡು ಗಿಡ. ಎರಡು ಕುಟುಂಬ. ಒಂದಕ್ಕೊಂದು ದಾಯಾದಿಗಳೂ ಅಲ್ಲ.

ಒಂದೆಲಗ ಕೊತ್ತಂಬರಿಯ ಬಳಗದ್ದು. ಜೀರಿಗೆ, ಓಮ, ಸೋಂಪು, ಕ್ಯಾರೆಟ್ ಎಲ್ಲ ಇದರ ನೆಂಟರು. ಎಲೆ ಹಿಸುಕಿ ಮೂಸಿದರೆ ಆ ನೆಂಟಸ್ತಿಕೆ ಮೂಗಿಗೇ ಗೊತ್ತಾಗುತ್ತದೆ. ಲಿನೇಯಸ್ 1753ರಲ್ಲಿ ಇದಕ್ಕೆ ಹೈಡ್ರೊಕೊಟೈಲ್ ಏಷ್ಯಾಟಿಕಾ ಎಂದು ಹೆಸರಿಟ್ಟ. 1879ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಅರ್ಬನ್ ಅದನ್ನು ಸೆಂಟೆಲ್ಲಾ ಏಷ್ಯಾಟಿಕಾ ಎಂದು ಬದಲಿಸಿದ. ಇಂದಿಗೂ ಅದೇ ಹೆಸರು. ಸಂಸ್ಕೃತದಲ್ಲಿ ಮಂಡೂಕಪರ್ಣಿ, ತುಳುವಿನಲ್ಲಿ ತಿಮರೆ, ತಮಿಳಿನಲ್ಲಿ ವಲ್ಲಾರೈ, ಸಿಂಹಳದಲ್ಲಿ ಗೊಟುಕೊಳ.

ಇನ್ನೊಂದು ಬಕೋಪಾ ಮೊನ್ನಿಯೆರಿ, ನಾವು ನೀರುಬ್ರಾಹ್ಮಿ ಎನ್ನುವುದು. ಅದರ ಎಲೆ ಉಗುರಿನಷ್ಟು ಸಣ್ಣದು, ದಪ್ಪ, ರಸಭರಿತ, ಕಾಂಡಕ್ಕೆ ಜೋಡಿ ಜೋಡಿಯಾಗಿ ಅಂಟಿಕೊಂಡಿರುತ್ತದೆ. ಬಿಳಿಯೋ ತೆಳುನೇರಳೆಯೋ ಆದ ಐದೆಸಳಿನ ಹೂವು ಎದ್ದು ಕಾಣುತ್ತದೆ. ಒಂದೆಲಗದ ಹೂವನ್ನು ನೋಡಬೇಕಾದರೆ ಮೊಣಕಾಲೂರಿ ಎಲೆ ಸರಿಸಬೇಕು. ನೆಲಕ್ಕೆ ಅಂಟಿಕೊಂಡಂತೆ ಮಂಕು ಗುಲಾಬಿಯ ಸಾಸಿವೆಕಾಳಿನಂಥ ಮೂರ್ನಾಲ್ಕು ಹೂವು. ರುಚಿ ನೋಡಿದರಂತೂ ಅನುಮಾನವೇ ಉಳಿಯದು. ಒಂದೆಲಗ ತುಸು ಒಗರು, ತುಸು ಕಹಿ. ನೀರುಬ್ರಾಹ್ಮಿ ಬರೀ ಕಹಿ. ಅದರ ತಂಬುಳಿ ಮಾಡಿ ಬಡಿಸಿದರೆ ಊಟಕ್ಕೆ ಕೂತವರು ಎದ್ದು ಹೋದಾರು.

ಗೊಂದಲ ನಮ್ಮ ಅಜ್ಜಿಯರದ್ದಲ್ಲ. ಉತ್ತರ ಭಾರತದ ಗಂಧಿಗೆ ಅಂಗಡಿಗಳಲ್ಲಿ ಒಂದೆಲಗವನ್ನೇ ಬ್ರಾಹ್ಮಿ ಎಂದು ಮಾರುತ್ತಾರೆ, ಕೇರಳದ ವೈದ್ಯರಿಗೆ ಬ್ರಾಹ್ಮಿ ಎಂದರೆ ಬಕೋಪಾ ಮಾತ್ರ. ನಾವು ಇಬ್ಬರ ನಡುವೆ ಸಿಕ್ಕಿಕೊಂಡವರು. ಆದರೆ ಹಳೆಯ ಗ್ರಂಥಗಳಲ್ಲಿ ಈ ಗೊಂದಲ ಇಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೇಧೆ, ಆಯುಷ್ಯಗಳ ಅಧ್ಯಾಯ ಮಂಡೂಕಪರ್ಣಿಯ ರಸಕ್ಕೆ ಒಂದು ವಿಧಿ, ಬ್ರಾಹ್ಮಿಯ ರಸಕ್ಕೆ ಬೇರೊಂದು ವಿಧಿ ಹೇಳುತ್ತದೆ. ಒಂದೇ ಗಿಡವಾಗಿದ್ದರೆ ಎರಡು ಬಾರಿ ಹೇಳುವ ತಾಪತ್ರಯ ಯಾಕೆ? ಸರ್ಕಾರದ ಆಯುರ್ವೇದ ಔಷಧಕೋಶವೂ ಮಂಡೂಕಪರ್ಣಿಯೆಂದರೆ ಸೆಂಟೆಲ್ಲಾ, ಬ್ರಾಹ್ಮಿಯೆಂದರೆ ಬಕೋಪಾ ಎಂದು ಬೇರೆಬೇರೆಯಾಗಿಯೇ ಬರೆದಿದೆ. ಆದ್ದರಿಂದ ಬಾಟಲಿಯ ಮೇಲೆ ಬ್ರಾಹ್ಮಿ ಎಂದಿದ್ದರೆ ಕೆಳಗೆ ಸಣ್ಣಕ್ಷರದಲ್ಲಿ ಬರೆದ ಸಸ್ಯದ ಹೆಸರನ್ನು ಓದಿ.

ತಪ್ಪು ಕಲ್ಪನೆ: ಒಂದೇ ಎಲೆ ಇರುವುದರಿಂದ ಅದು ಒಂದೆಲಗ.

ವಾಸ್ತವ: ಒಂದು ತೊಟ್ಟಿಗೆ ಒಂದು ಎಲೆ, ನಿಜ. ಒಂದು ಗೆಣ್ಣಿನಲ್ಲಿ ಅಂಥ ಹಲವು ತೊಟ್ಟು. ಹೆಸರು ತೊಟ್ಟಿನದ್ದು, ಗಿಡದ್ದಲ್ಲ.

ತಪ್ಪು ಕಲ್ಪನೆ: ನೆಲಕ್ಕೆ ಹಬ್ಬಿದ ದುಂಡೆಲೆಯೆಲ್ಲ ಒಂದೆಲಗವೇ, ತಿನ್ನಬಹುದು.

ವಾಸ್ತವ: ಇಲ್ಲಿ ಸ್ವಲ್ಪ ಗದರಿಸಿಯೇ ಹೇಳಬೇಕು. ಪೇಟೆಯಲ್ಲಿರುವ ಮಕ್ಕಳು ಫೋನಿನಲ್ಲಿ ಚಿತ್ರ ಕಳಿಸಿ, ಕುಂಡದಲ್ಲಿ ಒಂದೆಲಗ ಬಂದಿದೆ, ತಂಬ್ಳಿ ಮಾಡಲಾ ಎಂದು ಕೇಳುತ್ತಾರೆ. ಹತ್ತರಲ್ಲಿ ನಾಲ್ಕು ಸಲ ಅದು ಒಂದೆಲಗವಾಗಿರುವುದಿಲ್ಲ.

ನರ್ಸರಿಗಳಲ್ಲಿ ನಾಣ್ಯದಂತೆ ಹೊಳೆಯುವ ದುಂಡೆಲೆಯ ಒಂದು ನೀರುಗಿಡ ಸಿಗುತ್ತದೆ. ಅದು ಅಮೆರಿಕ ಖಂಡದ ಹೈಡ್ರೊಕೊಟೈಲ್ ಜಾತಿ. ಅದರ ತೊಟ್ಟು ಎಲೆಯ ನಟ್ಟನಡುವೆ, ಕೊಡೆಯ ಕೋಲಿನಂತೆ, ತಾವರೆ ಎಲೆಯಂತೆ ಸೇರಿರುತ್ತದೆ. ಒಂದೆಲಗದಲ್ಲಿ ಹಾಗಲ್ಲ. ಎಲೆಯ ಒಂದು ಬದಿ ಒಳಕ್ಕೆ ಕಚ್ಚಿದಂತೆ ಸೀಳಿರುತ್ತದೆ, ತೊಟ್ಟು ಆ ಸೀಳಿನಲ್ಲಿ ಸೇರುತ್ತದೆ. ಇದೊಂದು ಗುರುತು ಕಲಿತರೆ ಅರ್ಧ ಕೆಲಸ ಆದಂತೆ.

ಇನ್ನರ್ಧಕ್ಕೆ ಊರಿನ ಗಿಡಗಳನ್ನೇ ನೋಡಬೇಕು. ಇಲಿಕಿವಿ ಸೊಪ್ಪಿನ ಬಳ್ಳಿ ಒಂದೆಲಗವನ್ನು ಹೋಲುತ್ತದೆ, ಆದರೆ ಹೂವು ಹಳದಿ, ಪುಟ್ಟ ಗಂಟೆಯಾಕಾರ. ಕಾನಿನ ನೆಲದಲ್ಲಿ ಹರಡುವ ಇನ್ನೊಂದು ಬಳ್ಳಿಗೆ ಹೃದಯದಾಕಾರದ ಎಲೆ, ಮೇಲೆ ಕೆಂಪು ಹಣ್ಣು. ಅದು ಕಾಫಿಯ ಕುಟುಂಬದ್ದು, ಎಲೆಯಂಚು ನುಣ್ಣಗೆ. ಒಂದೆಲಗದ ಅಂಚು ಯಾವಾಗಲೂ ಕಚ್ಚುಕಚ್ಚು, ಗೆಜ್ಜೆ ಕಟ್ಟಿದಂತೆ. ಸೀಳು, ಕಚ್ಚಂಚು, ಕೊತ್ತಂಬರಿಯ ವಾಸನೆ ಮೂರೂ ಕೂಡಿ ಬಂದರೆ ಕೊಯ್ಯಿರಿ. ಎರಡೇ ಬಂದರೆ ತಿಳಿದವರಿಗೆ ತೋರಿಸಿ.

ತಪ್ಪು ಕಲ್ಪನೆ: ಒಂದೆಲಗ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆ, ಮಕ್ಕಳು ಪರೀಕ್ಷೆಯಲ್ಲಿ ಮುಂದೆ ಬರುತ್ತಾರೆ.

ವಾಸ್ತವ: ಈ ನಂಬಿಕೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಚರಕ ಸಂಹಿತೆ ಬುದ್ಧಿಗೆ ಹಿತವೆಂದು ಹೇಳುವ ನಾಲ್ಕು ರಸಾಯನಗಳಲ್ಲಿ ಮಂಡೂಕಪರ್ಣಿಯ ರಸವೇ ಮೊದಲಿನದು. ಜೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ ಉಳಿದ ಮೂರು. ಸಾವಿರಾರು ವರ್ಷದ ಮಾತು ಪರೀಕ್ಷೆಗೆ ಯೋಗ್ಯವೇ ಹೌದು. ಮತ್ತು ಪರೀಕ್ಷೆ ನಡೆದಿದೆ.

ಸೆಂಟೆಲ್ಲಾವನ್ನು ಮನುಷ್ಯರಿಗೆ ಕೊಟ್ಟು ನಡೆಸಿದ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ಅಳೆದ ಒಂದು ಸಮೀಕ್ಷೆ 2017ರಲ್ಲಿ ಪ್ರಕಟವಾಯಿತು. ಹನ್ನೊಂದು ಪ್ರಯೋಗಗಳು ಅದರಲ್ಲಿ ಸೇರಿದ್ದವು. ಅವರಿಗೆ ಕಂಡದ್ದು: ನೆನಪು, ಗಮನ, ಗ್ರಹಿಕೆಯ ಯಾವ ಅಳತೆಯಲ್ಲೂ ಹುಸಿಮಾತ್ರೆ ನುಂಗಿದವರಿಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಎಚ್ಚರ ತುಸು ಹೆಚ್ಚಾದಂತೆ, ಸಿಡುಕು ತುಸು ತಗ್ಗಿದಂತೆ ಮಾತ್ರ ಕಂಡಿತು. ಸಿಡುಕು ತಗ್ಗುವುದೇನೂ ಕಡಿಮೆ ಲಾಭವಲ್ಲ, ಪರೀಕ್ಷೆಯ ದಿನಗಳಲ್ಲಿ ಅದನ್ನು ಮಕ್ಕಳಿಗಿಂತ ಅಪ್ಪ ಅಮ್ಮಂದಿರಿಗೆ ಕೊಡುವುದು ಲೇಸು.

ನೆನಪಿನ ವಿಷಯದಲ್ಲಿ ಸ್ವಲ್ಪ ಬಲವಾದ ಸಾಕ್ಷ್ಯ ಇರುವುದು ನೀರುಬ್ರಾಹ್ಮಿಗೆ. ಲಖನೌದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆ ಅದರಲ್ಲಿನ ಸತ್ವಗಳಾದ ಬಕೋಸೈಡ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ಮನುಷ್ಯರ ಮೇಲಿನ ಕೆಲವು ಪ್ರಯೋಗಗಳಲ್ಲಿ ಕಲಿತದ್ದನ್ನು ಮತ್ತೆ ನೆನಪಿಸಿಕೊಳ್ಳುವುದರಲ್ಲಿ ಅಲ್ಪ ಸುಧಾರಣೆ ಕಂಡಿದೆ, ಅದೂ ಅಳೆದ ಸಾರವನ್ನು ದಿನಾ, ಸುಮಾರು ಹನ್ನೆರಡು ವಾರ ಕೊಟ್ಟ ಮೇಲೆ. ಮಾರ್ಚ್ ತಿಂಗಳ ಪರೀಕ್ಷೆಗೆ ಫೆಬ್ರವರಿ ಕೊನೆಗೆ ಎಲೆ ಹುಡುಕುವ ನಮ್ಮ ಪದ್ಧತಿಗೂ ಅದಕ್ಕೂ ಸಂಬಂಧವಿಲ್ಲ. ಗಿಡವೇ ಬೇರೆ ಎಂಬುದು ಅದರ ಮೇಲಿನ ತಮಾಷೆ. ಅಂದರೆ ಬ್ರಾಹ್ಮಿಯ ಕೀರ್ತಿ ಒಂದೆಲಗದ ಖಾತೆಗೆ ಜಮಾ ಆಗಿದೆ, ಹೆಸರು ಒಂದೇ ಎಂಬ ಕಾರಣಕ್ಕೆ.

ಹಾಗಾದರೆ ತಂಬುಳಿಯಿಂದ ಏನೂ ಲಾಭವಿಲ್ಲವೇ? ಇದೆ. ಅದು ಹಸಿರು ಸೊಪ್ಪು. ಸೊಪ್ಪಿನ ಕ್ಯಾರೋಟಿನ್ ಮೈಗೆ ಹಿಡಿಯಬೇಕಾದರೆ ಜಿಡ್ಡು ಬೇಕು, ನಮ್ಮವರು ತುಪ್ಪದಲ್ಲಿ ಬಾಡಿಸಿ ಕಾಯಿ ಹಾಕಿ ಬೀಸಿದ್ದು ಆ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಊಟ ಊಟವಾಗಿರಲಿ.

ತಪ್ಪು ಕಲ್ಪನೆ: ಮಾತು ತಡವಾದ ಕೂಸಿಗೆ ಒಂದೆಲಗದ ರಸ ಕುಡಿಸಿ, ನಾಲಿಗೆಗೆ ಬಜೆ ತೇಯ್ದು ಸವರಿದರೆ ಮಾತು ಬರುತ್ತದೆ. ಮೂರ್ಛೆ ರೋಗಕ್ಕೂ ಇದೇ ಮದ್ದು, ಗುಳಿಗೆ ಬೇಡ.

ವಾಸ್ತವ: ಇಲ್ಲಿಯವರೆಗಿನ ತಪ್ಪುಗಳಿಂದ ಹೆಚ್ಚೆಂದರೆ ಒಂದು ಹೊತ್ತಿನ ಊಟ ಕೆಡಬಹುದು. ಇದರಿಂದ ಒಂದು ಬದುಕು ಕೆಡುತ್ತದೆ.

ಮಾತು ಬಾರದ ಮಕ್ಕಳಲ್ಲಿ ಹಲವರಿಗೆ ನಾಲಿಗೆಯ ತೊಂದರೆ ಇರುವುದೇ ಇಲ್ಲ, ಕಿವಿ ಕೇಳಿಸುವುದಿಲ್ಲ. ಕೇಳಿಸದ ಮಾತನ್ನು ಯಾವ ಮಗುವೂ ಕಲಿಯಲಾರದು. ಕಿವುಡು ಬೇಗ ಪತ್ತೆಯಾದರೆ ಶ್ರವಣಯಂತ್ರ, ಕಾಕ್ಲಿಯರ್ ಇಂಪ್ಲಾಂಟ್, ಮಾತಿನ ತರಬೇತಿ ಎಲ್ಲ ಇದೆ. ಮಿದುಳು ಮಾತು ಕಲಿಯುವ ಹದದಲ್ಲಿರುವುದು ಮೊದಲ ಕೆಲವೇ ವರ್ಷ. ಆ ವರ್ಷಗಳನ್ನು ಎಲೆ ಅರೆಯುತ್ತ, ಅಪ್ಪನಿಗೂ ಮಾತು ತಡವಾಗಿಯೇ ಬಂದಿತ್ತು ಎಂದು ಸಮಾಧಾನ ಹೇಳುತ್ತ ಕಳೆದರೆ ಮರಳಿ ಸಿಗುವುದಿಲ್ಲ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇದಕ್ಕೆ.

ಬಜೆಯ ಬೇರಿನಲ್ಲಿ ಬೀಟಾ ಅಸರೋನ್ ಎಂಬ ವಸ್ತುವಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗಡ್ಡೆ ಬರಿಸಿದೆಯೆಂದು ಹಲವು ದೇಶಗಳು ಆಹಾರದಲ್ಲಿ ಅದನ್ನು ನಿರ್ಬಂಧಿಸಿವೆ. ಹಸುಗೂಸಿನ ನಾಲಿಗೆ ಅದಕ್ಕೆ ಜಾಗವಲ್ಲ.

ಮೂರ್ಛೆಯ ಮಾತು ಇನ್ನೂ ನೇರ. ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ಬಿಟ್ಟೂಬಿಡದೆ ಮೂರ್ಛೆ ಮರುಕಳಿಸಿ ಪ್ರಾಣಕ್ಕೇ ಎರವಾಗಬಹುದು. ತಂಬುಳಿ ಉಣ್ಣಿ, ಗುಳಿಗೆಯನ್ನೂ ನುಂಗಿ.

ತಪ್ಪು ಕಲ್ಪನೆ: ನಾಟಿ ಸೊಪ್ಪು, ಎಷ್ಟು ತಿಂದರೂ ಅಡ್ಡ ಪರಿಣಾಮವಿಲ್ಲ.

ವಾಸ್ತವ: ತಂಬುಳಿಯಲ್ಲಿ ತಿನ್ನುವಷ್ಟಕ್ಕೆ ಈ ಮಾತು ಬಹುತೇಕ ಸರಿ. ತಲೆತಲಾಂತರದ ಅನುಭವ ಅದಕ್ಕಿದೆ. ಆದರೆ ಸೊಪ್ಪು ಗುಳಿಗೆಯಾದ ಕೂಡಲೇ ಲೆಕ್ಕ ಬದಲಾಗುತ್ತದೆ. ತೂಕ ಇಳಿಸಲೆಂದು ಸೆಂಟೆಲ್ಲಾ ಮಾತ್ರೆ ನುಂಗಿದ ಮೂವರು ಮಹಿಳೆಯರಿಗೆ ಯಕೃತ್ತು ಊದಿಕೊಂಡು ಕಾಮಾಲೆಯಾದ ವಿವರ 2005ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅವರು ನುಂಗಿದ್ದು ಇಪ್ಪತ್ತರಿಂದ ಅರವತ್ತು ದಿನ, ನಿಲ್ಲಿಸಿದ ಮೇಲೆ ಗುಣವಾದರು. ಇದು ಅಪರೂಪ. ಅಪರೂಪ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಯಕೃತ್ತಿನ ತೊಂದರೆ ಇರುವವರು, ಬಸುರಿಯರು, ನಿದ್ದೆಗುಳಿಗೆ ತೆಗೆದುಕೊಳ್ಳುವವರು ಸಾರ, ಪುಡಿ, ಕ್ಯಾಪ್ಸೂಲುಗಳ ತಂಟೆಗೆ ಹೋಗದಿರುವುದು ಒಳ್ಳೆಯದು. ನಮಗೆ ಮೂಗಿನ ತುದಿಯಲ್ಲೇ ಕೋಪ ಬರುವುದು ಪೇಟೆಯ ಹೊಸ ಚಾಳಿಗೆ: ಬೆಳಿಗ್ಗೆ ಲೋಟದ ತುಂಬ ಹಸಿ ರಸ. ತಂಬುಳಿಯಲ್ಲಿ ಒಬ್ಬರ ಪಾಲಿಗೆ ಬರುವುದು ಹತ್ತೋ ಹದಿನೈದೋ ಎಲೆ. ಲೋಟದ ರಸಕ್ಕೆ ಬುಟ್ಟಿ ಸೊಪ್ಪು ಬೇಕು.

ತಪ್ಪು ಕಲ್ಪನೆ: ನಮ್ಮದೇ ತೋಟದ್ದು, ತೊಳೆಯುವುದೂ ಬೇಡ, ಹಾಗೇ ಅಗಿಯಬಹುದು.

ವಾಸ್ತವ: ಮುಂಗಾರಿಗೆ ಮೊದಲು ಮತ್ತು ಅದಾಗಿ ಸುಮಾರು ನಲವತ್ತು ನಲವತ್ತೈದು ದಿನಕ್ಕೆ ಕೊನೆಗೌಡ ಮರ ಹತ್ತಿ ಮದ್ದು ಹೊಡೆಯುತ್ತಾನಲ್ಲ, ಆ ಮದ್ದು ಎಲ್ಲಿಗೆ ಹೋಗುತ್ತದೆ? ಅರ್ಧ ಕೊನೆಗೆ, ಉಳಿದದ್ದು ಕೆಳಗೆ. ಕೆಳಗೆ ಇರುವುದು ಒಂದೆಲಗ.

ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆಯನ್ನು ಅಭ್ಯಾಸ ಮಾಡಿ ಅದನ್ನು ಬಳಕೆಗೆ ತಂದ ಮೇಲೇ ನಮ್ಮ ಸೀಮೆಯ ಅಡಿಕೆ ಬದುಕಿದ್ದು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಎಂದರೆ ತಾಮ್ರ. ಮಳೆಗೆ ಸುಣ್ಣ ತೊಳೆದು ಹೋದರೂ ತಾಮ್ರ ಮೇಲ್ಮಣ್ಣಿನಲ್ಲಿ ಕೂರುತ್ತದೆ. ಒಂದೆಲಗದ ಬೇರು ಇರುವುದೂ ಮೇಲ್ಮಣ್ಣಿನಲ್ಲೇ, ಲೋಹಗಳನ್ನು ಹೀರಿ ಎಲೆಗೆ ಏರಿಸಿಕೊಳ್ಳುವ ಗುಣವೂ ಅದಕ್ಕಿದೆ. ಹೆದರಿ ತಂಬುಳಿ ಬಿಡಬೇಕಾಗಿಲ್ಲ. ಮದ್ದು ಹೊಡೆದ ಮರದ ಬುಡದ್ದನ್ನು ಬಿಡಿ, ಎಲೆಯ ಮೇಲೆ ನೀಲಿ ಕಲೆ ಕಂಡರೆ ಬಿಡಿ, ಕಳೆನಾಶಕ ಹೊಡೆದ ಜಾಗದಲ್ಲಿ ಮತ್ತೆ ಚಿಗುರಿದ್ದನ್ನಂತೂ ಬಿಡಿ. ತೋಟದ ತಲೆಯ ಕಡೆ, ನೀರು ಒಳಬರುವಲ್ಲಿನ ಸೊಪ್ಪು ಮೇಲು. ಕೆಳಗಿನ ಕಾದಿಗೆಗೆ ಇಡೀ ತೋಟ ತೊಳೆದ ನೀರು ಬಂದಿರುತ್ತದೆ.

ಇನ್ನು ಕಾದಿಗೆಯಲ್ಲಿ ಇಲಿ ಓಡಾಡುತ್ತದೆ, ದನ ಇಳಿಯುತ್ತದೆ. ಇಲಿಜ್ವರ ಮೂತ್ರ ಬೆರೆತ ನೀರಿನಿಂದ ಬರುವ ರೋಗ. ದನಕುರಿಗಳ ಯಕೃತ್ತಿನ ಹುಳದ ಮರಿ ಬಸವನಹುಳುವಿನಿಂದ ಹೊರಬಿದ್ದು ನೀರಂಚಿನ ಎಲೆಗಳ ಮೇಲೆ ಕೂತು ಕಾಯುತ್ತದೆ. ಅದನ್ನು ಬರೀ ತೊಳೆದು ಕಳೆಯುವುದು ಕಷ್ಟ, ಬಿಸಿಗೆ ಸಾಯುತ್ತದೆ. ಬಾಣಲೆಯಲ್ಲಿ ಬಾಡಿಸುವ ಕ್ರಮ ರುಚಿಗೆ ಮಾತ್ರ ಬಂದದ್ದೆಂದು ನಾವು ಎಷ್ಟೋ ಕಾಲ ಅಂದುಕೊಂಡಿದ್ದೆವು.

ತಪ್ಪು ಕಲ್ಪನೆ: ಜೌಗಿನ ಗಿಡ, ಎಷ್ಟು ನೀರು ನಿಂತರೂ ಒಳ್ಳೆಯದೇ. ಬಚ್ಚಲ ನೀರಿಗೆ ಸೊಂಪಾಗಿ ಬರುತ್ತದೆ.

ವಾಸ್ತವ: ಒಂದೆಲಗಕ್ಕೆ ಬೇಕಾದದ್ದು ಆರದ ತೇವ, ನಿಂತ ನೀರಲ್ಲ. ತೋಟದಲ್ಲಿ ಅದು ಕೂತ ಜಾಗವನ್ನು ಗಮನಿಸಿ. ಕಾದಿಗೆಯ ತಳದಲ್ಲಿ ಅಲ್ಲ, ಅಂಚಿನಲ್ಲಿ. ನೀರೊಳಗೇ ನಿಲ್ಲಬಲ್ಲದ್ದು ನೀರುಬ್ರಾಹ್ಮಿ. ಸಿದ್ದಾಪುರದ ಕತ್ತಲೆಕಾನಿನ ರಾಂಪತ್ರೆ ಜಡ್ಡಿಯಂಥ ಗಾಢ ನೆರಳಿನ ಕೆಸರೂ ಇದರ ಮನೆಯಲ್ಲ. ತುಸು ಬಿಸಿಲು ಬೀಳಬೇಕು.

ಮನೆಯಂಗಳದಲ್ಲಿ ಹಬ್ಬಿಸುವವರು ಬೀಜಕ್ಕೆ ಕಾಯಬೇಡಿ. ಬೇರುಬಿಟ್ಟ ಗೆಣ್ಣುಗಳನ್ನು ಮಳೆ ಹಿಡಿದ ಮೇಲೆ ಗೇಣು ಗೇಣು ಅಂತರದಲ್ಲಿ ಊರಿದರೆ ಹಬ್ಬ ಹರಿದಿನ ಮುಗಿಯುವುದರೊಳಗೆ ನೆಲ ಮುಚ್ಚುತ್ತದೆ. ನೆರಳಲ್ಲಿ ತೊಟ್ಟು ನೀಳ, ಎಲೆ ಅಗಲ. ಬಿಸಿಲಲ್ಲಿ ತೊಟ್ಟು ಗಿಡ್ಡ, ಎಲೆ ಸಣ್ಣ. ಎರಡೂ ಬೇರೆ ಜಾತಿ ಎಂದು ವಾದಿಸುವವರಿದ್ದಾರೆ. ಸಣ್ಣೆಲೆಯ ಗೆಣ್ಣೊಂದನ್ನು ನೆರಳಿಗೆ ನೆಟ್ಟು ಒಂದು ಮಳೆಗಾಲ ಕಾದು ನೋಡಲಿ. ನಿಜವಾದ ತಳಿಭೇದವೂ ಉಂಟು ಎನ್ನಿ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ದಿವ್ಯಾ, ಅರ್ಕಾ ಪ್ರಭಾವಿ ಎಂಬ ತಳಿಗಳನ್ನು ಕೊಟ್ಟಿದೆ. ಬಚ್ಚಲ ನೀರಿನದ್ದು ಕಣ್ಣಿಗೆ ಸೊಂಪು, ಬಾಯಿಗೆ ಬೇಡ. ಸೋಪು, ಫಿನಾಯಿಲು ಕುಡಿದು ಬೆಳೆದ ಎಲೆ ಅದು.

ತಪ್ಪು ಕಲ್ಪನೆ: ಒಂದೆಲಗ ಕಳೆ, ಅಡಿಕೆಯ ಗೊಬ್ಬರ ತಿನ್ನುತ್ತದೆ.

ವಾಸ್ತವ: ತಿನ್ನುತ್ತದೆ, ಇರುವೆ ಬೆಲ್ಲ ತಿಂದಷ್ಟು. ಅದರ ಬದಲಿಗೆ ಮಾಡಿಕೊಡುವ ಕೆಲಸ ನೋಡಿ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವ ಸೀಮೆ ನಮ್ಮದು. ಅಡಿಕೆ ಹೆಡೆಯಿಂದ ಇಳಿಯುವ ದಪ್ಪ ಹನಿ ಬರಿಮಣ್ಣಿಗೆ ಬಿದ್ದರೆ ಬರಣದ ಅಂಚು ಕರಗಿ ಕಾದಿಗೆ ತುಂಬುತ್ತದೆ. ಮತ್ತೆ ಆಳು, ಮತ್ತೆ ಕೂಲಿ, ಕಾದಿಗೆ ಎತ್ತಿಸುವ ಖರ್ಚು. ಗೆಣ್ಣು ಗೆಣ್ಣಿಗೆ ಬೇರೂರಿದ ಒಂದೆಲಗ ಆ ಅಂಚನ್ನು ಚಾಪೆ ಹೊದಿಸಿದಂತೆ ಹಿಡಿದಿಡುತ್ತದೆ. ಸೊಪ್ಪಿನ ಬೆಟ್ಟದಿಂದ ದರಕು ತಂದು ತೋಟಕ್ಕೆ ಮುಚ್ಚುವ ಉದ್ದೇಶದಲ್ಲಿ ಅರ್ಧ ಇದೇ ತಾನೆ? ಬೆಟ್ಟದಿಂದ ಹೊತ್ತು ತಂದ ಹೊದಿಕೆಗೆ ಬೆಲೆ, ತಾನಾಗಿ ಬಂದ ಹೊದಿಕೆಗೆ ಕಳೆನಾಶಕ! ಹೊಸ ಸಸಿಯ ಬುಡದಲ್ಲಿ ಮಾತ್ರ ಕೈಯಾಡಿಸಿ ಬಿಡಿಸಿ, ಸಾಕು.

ತಪ್ಪು ಕಲ್ಪನೆ: ದಟ್ಟವಾಗಿ ಹಬ್ಬಿದಲ್ಲಿ ಹಾವು ಸೇರುತ್ತದೆ.

ವಾಸ್ತವ: ಗಿಡದ ವಾಸನೆಗೆ ಹಾವು ಬರುವುದಿಲ್ಲ. ತೇವದ ಜಾಗಕ್ಕೆ ಕಪ್ಪೆ ಬರುತ್ತದೆ, ಕಪ್ಪೆಯ ಹಿಂದೆ ಕೆಲವೊಮ್ಮೆ ನೀರುಹಾವು ಬರುತ್ತದೆ. ಹೆಚ್ಚಿನ ನೀರುಹಾವುಗಳಿಗೆ ವಿಷವಿಲ್ಲ. ಗೇಣುದ್ದ ಎತ್ತರದ ಸೊಪ್ಪಿನಲ್ಲಿ ಅಡಗುವುದಕ್ಕಿಂತ ಕಲ್ಲುಕಟ್ಟೆಯ ಸಂದಿ, ಸೌದೆ ರಾಶಿ, ಅಡಿಕೆ ಹಾಳೆಯ ರಾಶಿ ಅದಕ್ಕೆ ಹೆಚ್ಚು ಪ್ರಿಯ. ಅಂಗಳದಲ್ಲಿ ಅವನ್ನು ಮೊದಲು ತೆಗೆಯಿರಿ. ಕಪ್ಪೆಯ ಮೇಲಂತೂ ಸಿಟ್ಟು ಬೇಡ. ಇದೇ ಸೀಮೆಯ ಹೊಳೆಗಳಲ್ಲಿ ಮೊಟ್ಟೆಗೆ ಮಣ್ಣು ಮೆತ್ತಿ ಕಾಪಾಡುವ ಕುಂಬಾರ ಕಪ್ಪೆಯನ್ನು ಗುರುರಾಜ ಕೆ.ವಿ. ಮತ್ತು ಸಂಗಡಿಗರು 2014ರಲ್ಲಿ ಲೋಕಕ್ಕೆ ಪರಿಚಯಿಸಿದರು. ಮಂಡೂಕಪರ್ಣಿ ಎಂಬ ಹೆಸರಿನ ಗಿಡ ಕಪ್ಪೆಗಳ ಊರಿನಲ್ಲಿ ಬೆಳೆಯುವುದು ತಕ್ಕದ್ದೇ.

ತಪ್ಪು ಕಲ್ಪನೆ: ಸಂಜೆಯ ಮೇಲೆ ಕೊಯ್ದರೆ ದೋಷ, ಪುಷ್ಯ ನಕ್ಷತ್ರದಲ್ಲಿ ಕೊಯ್ದರೆ ಮಾತ್ರ ಗುಣ, ಮುಟ್ಟಾದವರು ಮುಟ್ಟಿದರೆ ಬಳ್ಳಿ ಬಾಡುತ್ತದೆ.

ವಾಸ್ತವ: ಮೊದಲನೆಯದಕ್ಕೆ ಅರ್ಥವಿದೆ, ದೋಷ ಮಾತ್ರ ಇಲ್ಲ. ಕತ್ತಲಲ್ಲಿ ಉಂಬಳ ಕಾಣದು, ಹಾವು ಕಾಣದು, ಎಲೆಯ ಸೀಳೂ ಕಾಣದು. ಲಾಂದ್ರದ ಕಾಲದಲ್ಲಿ ಮಕ್ಕಳನ್ನು ತೋಟದಿಂದ ಮನೆಗೆ ಕರೆಯಲು ಹಿರಿಯರಿಗೆ ಇದಕ್ಕಿಂತ ಒಳ್ಳೆಯ ನೆವ ಸಿಗುತ್ತಿರಲಿಲ್ಲ.

ನಕ್ಷತ್ರ ನೋಡಿ ಎಲೆಯೊಳಗಿನ ರಾಸಾಯನಿಕ ಬದಲಾಗುವುದಿಲ್ಲ. ಅದನ್ನು ಬದಲಿಸುವುದು ಮಣ್ಣು, ಬಿಸಿಲು, ಋತು, ಎಲೆಯ ವಯಸ್ಸು.

ಮೂರನೆಯದಕ್ಕೆ ಉತ್ತರ ತೋಟದಲ್ಲೇ ಇದೆ. ಸೊಪ್ಪು ಕೊಯ್ಯುವವರು, ಕಳೆ ಕೀಳುವವರು, ದರಕು ಹೊರುವವರು ಬಹುಪಾಲು ಹೆಂಗಸರು. ತಿಂಗಳ ಎಲ್ಲ ದಿನವೂ ಅವರ ಕೈ ಬಳ್ಳಿಗೆ ತಾಗುತ್ತದೆ. ಬಾಡುವುದಾಗಿದ್ದರೆ ಮೂರು ತಾಲ್ಲೂಕಿನಲ್ಲಿ ಒಂದೆಲಗ ಎಂದೋ ಇಲ್ಲವಾಗಬೇಕಿತ್ತು. ಬಾಡುವುದು ಬೇರು ಕಿತ್ತಾಗ. ತೊಟ್ಟನ್ನು ಉಗುರಲ್ಲಿ ಚಿವುಟಿ, ಗೆಣ್ಣು ನೆಲದಲ್ಲೇ ಉಳಿಯಲಿ.

ತಪ್ಪು ಕಲ್ಪನೆ: ತಂಬುಳಿ ತಂಪು, ಮಳೆಗಾಲದಲ್ಲಿ ಉಂಡರೆ ಶೀತ, ಉಂಡ ಕೂಡಲೇ ನಿದ್ದೆ.

ವಾಸ್ತವ: ನೆಗಡಿ ಬರುವುದು ವೈರಾಣುವಿನಿಂದ, ಮಜ್ಜಿಗೆಯಿಂದಲ್ಲ. ಮಳೆಗಾಲದಲ್ಲಿ ಸೊಪ್ಪು ಕೆಸರು ಕೆಸರು, ಕಾದಿಗೆ ಉಕ್ಕಿ ಹರಿದ ನೀರು ಎಲೆಯ ಮೇಲೆಲ್ಲ. ಆಗ ಕಡಿಮೆ ಮಾಡಿ ಎಂದರೆ ನಾವೂ ಒಪ್ಪುತ್ತೇವೆ, ಕಾರಣ ಮಾತ್ರ ಬೇರೆ. ನಿದ್ದೆಯ ಮಾತು ಅರ್ಧ ಸತ್ಯ. ಸಾಂದ್ರವಾದ ಸಾರ ಕೊಟ್ಟ ಇಲಿಗಳು ಮಂಪರಾದದ್ದುಂಟು. ಎರಡು ಸಲ ಅನ್ನ ಬಡಿಸಿಕೊಂಡು ಏಪ್ರಿಲ್ ಮಧ್ಯಾಹ್ನ ಜಗುಲಿಯಲ್ಲಿ ಒರಗಿದವರ ನಿದ್ದೆಗೆ ಒಂದೆಲಗವನ್ನು ದೂರುವುದು ಅನ್ಯಾಯ.

ತಪ್ಪು ಕಲ್ಪನೆ: ಒಂದೆಲಗ ಇರುವುದೇ ತಲೆಗೆ, ಬುದ್ಧಿಗೆ ಎಲೆ, ಕೂದಲಿಗೆ ಎಣ್ಣೆ.

ವಾಸ್ತವ: ವಿಚಿತ್ರವೆಂದರೆ ಒಂದೆಲಗಕ್ಕೆ ಗಟ್ಟಿಯಾದ ಸಾಕ್ಷ್ಯ ಇರುವುದು ತಲೆಗಲ್ಲ, ಚರ್ಮಕ್ಕೆ. 19ನೇ ಶತಮಾನದಲ್ಲೇ ಇದನ್ನು ಕುಷ್ಠರೋಗಿಗಳ ಹುಣ್ಣಿಗೆ ಬಳಸಿ ನೋಡಿದ್ದರು. 1940ರ ದಶಕದಲ್ಲಿ ಮಡಗಾಸ್ಕರ್‌ನಲ್ಲಿ ಕೆಲಸ ಮಾಡುತ್ತಿದ್ದ ಫ್ರೆಂಚ್ ವಿಜ್ಞಾನಿಗಳು ಎಲೆಯಿಂದ ಏಷ್ಯಾಟಿಕೋಸೈಡ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಗಾಯ ಕೂಡುವಾಗ ಚರ್ಮದಲ್ಲಿ ಕೊಲಾಜೆನ್ ಹುಟ್ಟಲು ಅದು ಪ್ರಚೋದಿಸುತ್ತದೆ. ಅದರಿಂದಲೇ ಫ್ರಾನ್ಸಿನಲ್ಲಿ ಗಾಯದ ಮುಲಾಮು ಬಂತು, ಕಾಲಿನ ರಕ್ತನಾಳ ಊದುವ ತೊಂದರೆಗೂ ಪ್ರಯೋಗಗಳಾದವು. ಈಗ ಕೊರಿಯಾದಿಂದ ಬರುವ ಸಿಕಾ ಎಂಬ ಹೆಸರಿನ ಕ್ರೀಮುಗಳಲ್ಲಿರುವುದೂ ಇದೇ ಗಿಡದ ಸಾರ. ಬೆಂಗಳೂರಿನಲ್ಲಿರುವ ಮೊಮ್ಮಗಳು ಸಾವಿರ ರೂಪಾಯಿ ಕೊಟ್ಟು ಬೆರಳುದ್ದದ ಟ್ಯೂಬು ತರಿಸುತ್ತಾಳೆ, ಊರಿನ ತೋಟದಲ್ಲಿ ಅಜ್ಜ ಅದೇ ಗಿಡಕ್ಕೆ ಕಳೆನಾಶಕ ಹೊಡೆಸುತ್ತಾನೆ.

ಇದನ್ನು ಓದಿ ಕತ್ತಿ ತಾಗಿದ ಗಾಯಕ್ಕೆ ಎಲೆ ಅರೆದು ಮೆತ್ತಬೇಡಿ. ಮುಲಾಮಿನಲ್ಲಿರುವುದು ಶುದ್ಧಮಾಡಿದ ಸಾರ, ಕಾದಿಗೆಯ ಎಲೆಯಲ್ಲಿರುವುದು ಮಣ್ಣು, ಮಣ್ಣಲ್ಲಿರುವುದು ಧನುರ್ವಾಯುವಿನ ಬೀಜ. ಸೋಪು ನೀರಲ್ಲಿ ತೊಳೆದು ಟಿಟಿ ಚುಚ್ಚಿಸಿಕೊಳ್ಳಿ. ಕೂದಲೆಣ್ಣೆಯ ವಿಷಯ ಹೆಚ್ಚು ಹೇಳುವಂಥದ್ದಿಲ್ಲ. ತಲೆಗೆ ಹಿತ ಎನಿಸುವುದು ಕೊಬ್ಬರಿ ಎಣ್ಣೆಯಿಂದ ಮತ್ತು ತಿಕ್ಕುವ ಕೈಯಿಂದ.

ತಪ್ಪು ಕಲ್ಪನೆ: ಎಲ್ಲೆಲ್ಲೂ ಇದೆ, ಮುಗಿಯುವ ಗಿಡವಲ್ಲ.

ವಾಸ್ತವ: ಜಗತ್ತಿನಲ್ಲಿ ಮುಗಿಯುವುದಿಲ್ಲ. ಶ್ರೀಲಂಕಾದಿಂದ ವಿಯೆಟ್ನಾಮಿನವರೆಗೆ ಸಂತೆಯಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ. ನಮ್ಮ ಮನೆಯ ಹತ್ತಿರ ಮುಗಿಯಬಹುದು. ಗದ್ದೆ ತೋಟವಾಗಿ ಬದುವಿನ ತೇವ ಹೋಯಿತು, ಕಾದಿಗೆಗೆ ಕಾಂಕ್ರೀಟು ಬಂತು, ಅಬ್ಬಿ ನೀರು ಪೈಪಿನೊಳಗೆ ಸೇರಿ ಹನಿ ನೀರಾವರಿಯಾಯಿತು. ಯಾವುದೂ ತಪ್ಪಲ್ಲ, ಆಳು ಸಿಗದ ಕಾಲದಲ್ಲಿ ಅನಿವಾರ್ಯ. ಒಂದೆಲಗಕ್ಕೆ ಮಾತ್ರ ಅಂಚು ಉಳಿಯಲಿಲ್ಲ.

ಈ ಸಲ ಮಳೆಗಾಲಕ್ಕೆ ಮೊದಲು ಕಾದಿಗೆ ಎತ್ತಿಸುವಾಗ ತೋಟದ ತಲೆಯ ಕಡೆ ಎರಡು ಮಾರು ಅಂಚಿಗೆ ಗುದ್ದಲಿ ಹಾಕಬೇಡಿ ಎಂದು ಆಳಿಗೆ ಹೇಳಿಡಿ. ಮನೆಯ ತಂಬುಳಿಗೆ ಅಷ್ಟು ಸಾಕು.